ಹೆಸರು ಒರೆಸುವವನು

ಸೋಮವಾರ ಬೆಳಗ್ಗೆ ಐದಕ್ಕೆ ನನ್ನ ಪಾಳಿ.
ಒಂದು ಬಕೆಟ್ಟು, ಎರಡು ಬಟ್ಟೆ, ಹಿತ್ತಾಳೆಗೆ ಹಚ್ಚುವ ಪಾಲಿಶ್ ಡಬ್ಬಿ.
ಹೊರಗೆ ಅಯೋವಾದ ಮಾರ್ಚ್, ಮೊಣಕಾಲುದ್ದ ಹಿಮ;
ಒಳಗೆ ಪ್ಲಾಸ್ಟಿಕ್ಕಿನ ಹುಲ್ಲು, ನಾಚಿಕೆಯಿಲ್ಲದಷ್ಟು ಹಸಿರು.

ಬಾಗಿಲಿನಿಂದ ಶುರು.
ಕಟ್ಟಡಕ್ಕೆ ಹಂದಿಮೇವಿನ ಕಂಪನಿಯ ಹೆಸರು, ನಲವತ್ತು ಲಕ್ಷ ಡಾಲರು.
ಬ್ಯಾಟಿಂಗ್ ಪಂಜರಕ್ಕೆ ದಂತವೈದ್ಯ ಗುಂಡರ್ಸನ್,
ಚೆಂಡೆಸೆಯುವ ಯಂತ್ರಕ್ಕೆ ಎಪ್ಪತ್ತೆಂಟನೇ ಇಸವಿಯ ತಂಡ,
ಐಸ್ ತುಂಬುವ ತೊಟ್ಟಿಗೆ ಯಾರದೋ ಸೊಸೆ.
ಲಾಕರಿಗೆ ಎರಡೂವರೆ ಸಾವಿರ,
ಕಾಲುದಾರಿಯ ಇಟ್ಟಿಗೆಗೆ ಇನ್ನೂರು.
ಸೂರ್ಯಚಂದ್ರರಿರುವ ತನಕ ಅಂತೇನಲ್ಲ,
ಇಪ್ಪತ್ತು ವರ್ಷ, ಕರಾರಿನಲ್ಲಿದೆ;
ಆಮೇಲೆ ಗೋಡೆ ಮತ್ತೆ ಮಾರಾಟಕ್ಕೆ.

ಉಚ್ಚೆಯ ತೊಟ್ಟಿಗಳಿಗೆ ಮಾತ್ರ ಇನ್ನೂ ಯಾರೂ ಮುಂದೆ ಬಂದಿಲ್ಲ.
ಕೇಳಿ ನೋಡಿ, ಅಂದೆ ಕೋಚ್ ಪೆಕಾರೆಕ್‌ಗೆ.
ಆತ ನಗಲಿಲ್ಲ. ಬರೆದುಕೊಂಡ.

ಮೊದಲು ನಾವು ದನದ ಹರಾಜಿನ ಕೊಟ್ಟಿಗೆಯಲ್ಲಿದ್ದೆವು.
ಗುರುವಾರ ಹರಾಜು, ಶುಕ್ರವಾರ ಅಭ್ಯಾಸ,
ನಡುವಿನ ರಾತ್ರಿ ಸಗಣಿ ಬಾಚುವವನು ನಾನು.
ಚೆಂಡು ತೊಲೆಗೆ ಬಡಿದರೆ ಪಾರಿವಾಳದ ಪುಕ್ಕ ಉದುರುತ್ತಿತ್ತು.
ಹುಡುಗರು ಬೆರಳಿಗೆ ಉಸಿರೂದಿ ಎಸೆಯುತ್ತಿದ್ದರು,
ಮೂಗಿನಿಂದ ಹಬೆ, ಥೇಟು ಕರುಗಳು.
ಸೋಲುತ್ತಿದ್ದೆವು.
ಈಗಲೂ ಸೋಲುತ್ತೇವೆ,
ಬೆಚ್ಚಗೆ.

ದಾನಿಗಳಿಗೆ ಆಟಗಾರರು ಕಾರ್ಡು ಬರೆಯಬೇಕು, ಅದು ಕಟ್ಟಳೆ.
ಯಾದಿಯೆಲ್, ಪೋರ್ತೊ ರಿಕೋದ ಹುಡುಗ, ಎಡಗೈ ಎಸೆತಗಾರ,
ಪೆನ್ನು ಕಚ್ಚುತ್ತ ಕೇಳಿದ:
"ಈ ವರ್ನ್ ಸೋರೆನ್ಸನ್ ಯಾರು? ಏನಂತ ಬರೆಯಲಿ?"
ಬುಲ್‌ಪೆನ್ನಿನ ಗೋಡೆಗೆ ಅದೊಂದೇ ಹಲಗೆ:
ವರ್ನ್ ಸೋರೆನ್ಸನ್, ಕ್ಯಾಚರ್, ೧೯೫೮.
ದೊಡ್ಡ ಆಟಗಾರ ಇದ್ದಿರಬೇಕು, ಅಂದೆ.

ಅವನ ಹೆಂಡತಿ ಆರ್ಡಿತ್ ಬಂದದ್ದು
ರಿಬ್ಬನ್ನು, ಕೇಕು, ಭಾಷಣ ಎಲ್ಲ ಮುಗಿದ ಮೂರು ವಾರಕ್ಕೆ,
ತಾನೇ ಟ್ರಕ್ಕು ಓಡಿಸಿಕೊಂಡು.
ಬೂಟಿನ ಹಿಮ ಒದರಿ, ಹಲಗೆ ಓದಿ, ಅಂದಳು:
"ಆಡಲೇ ಇಲ್ಲ ಅವನು. ಒಂದು ಪಂದ್ಯವೂ.
ಮೂರನೇ ಕ್ಯಾಚರ್. ಬೇಲಿಯಾಚೆ ಕುಕ್ಕರುಗಾಲಲ್ಲಿ ಕೂತು
ಇನ್ನೊಬ್ಬರ ತೋಳು ಕಾಯಿಸಿಕೊಟ್ಟ, ನಾಲ್ಕು ವರ್ಷ.
ಎಡ ಅಂಗೈ ಬನ್ನಿನ ಹಾಗೆ ಊದಿರುತ್ತಿತ್ತು.
ಸಿನಿಮಾಕ್ಕೆ ಹೋದರೆ ನಾನು ಅವನ ಬಲಕ್ಕೇ ಕೂರಬೇಕು."

ಸ್ಕೋರ್‌ಬೋರ್ಡಿಗೆ ಕೊಡಿ, ಹೆಸರು ಹೆದ್ದಾರಿಗೆ ಕಾಣುತ್ತದೆ,
ಅಂದಿದ್ದರಂತೆ ಕಾಲೇಜಿನವರು.
ಎಂಬತ್ತು ಎಕರೆ ಜೋಳದ ಹೊಲ ಮಾರಿದ ದುಡ್ಡು.
ಕಾಣುವುದು ಬೇಡ, ಅಂದಳಂತೆ.

ಯಾದಿಯೆಲ್ ಎಸೆಯುತ್ತಿದ್ದ.
ಅವಳು ಬಲೆಯ ಹಿಂದೆ ಮಡಚುಕುರ್ಚಿ ಎಳೆದು ಕೂತಳು,
ಕಣ್ಣು ಮುಚ್ಚಿದಳು.
ಠಪ್.
"ಹೊಸ ಗವಸು," ಅಂದಳು. "ಸದ್ದು ಇನ್ನೂ ಹಸಿ."
ಠಪ್. ಠಪ್.
ನಲವತ್ತನೆಯದೋ ಐವತ್ತನೆಯದೋ ಎಸೆತಕ್ಕೆ
ಚೆಂಡು ಹಿಡಿಯುತ್ತಿದ್ದ ಮೊದಲ ವರ್ಷದ ಹುಡುಗ
ಗವಸು ಕಿತ್ತು, ಎಡಗೈ ಕೊಡವಿ, ತೊಡೆಗೆ ಒತ್ತಿಕೊಂಡ.
ಅವಳು ಕಣ್ಣು ತೆರೆದಿದ್ದಳು.
ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿ
ಎದ್ದು ಹೋದಳು, ಕುರ್ಚಿ ಮಡಚಿ ಗೋಡೆಗೆ ಆನಿಸಿ.

ಯಾದಿಯೆಲ್ಲನ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು:
ಸೋರೆನ್ಸನ್ ಅವರೇ, ಈಗ ಕೈ ಹೇಗಿದೆ?
ಸತ್ತವರಿಗೆ ಹೀಗೆಲ್ಲ ಬರೆಯಬಾರದು, ತಿದ್ದು, ಅಂದ ಪೆಕಾರೆಕ್.
ತಿದ್ದಿದ್ದು ಕಾಲೇಜಿನ ಲಕೋಟೆಯಲ್ಲಿ ಹೋಯಿತು.
ತಿದ್ದದ್ದಕ್ಕೆ ಅಂಚೆಚೀಟಿ ನಾನು ಅಂಟಿಸಿದೆ.

ಉಳಿದ ಹಿತ್ತಾಳೆಗೆಲ್ಲ ಪಾಲಿಶ್, ವಾರಕ್ಕೊಮ್ಮೆ.
ಪಾಲಿಶ್ ಹೊಳಪು ಕೊಡುತ್ತದೆ, ಅಕ್ಷರವನ್ನು ಮೆಲ್ಲಗೆ ತಿನ್ನುತ್ತದೆ.
ಬುಲ್‌ಪೆನ್ನಿನದಕ್ಕೆ ಹಚ್ಚುವುದಿಲ್ಲ.
ಹತ್ತಿರ ಹೋಗಿ ಉಸಿರೂದುತ್ತೇನೆ,
ಅಂಗಿಯ ತೋಳಿನಲ್ಲಿ ಒರೆಸುತ್ತೇನೆ.