ಸುಣ್ಣದ ತಿಳಿ

ಬೆಟಗೇರಿ, ನೇಕಾರರ ಸೊಸೈಟಿಯ ಹಿಂದಿನ ಖೋಲಿ.
ಮೂರು ದಿನದಿಂದ ಗಡಿಗೆಯಲ್ಲಿ ಸುಣ್ಣ ಕೂತಿದೆ,
ಮೇಲಿನ ತಿಳಿ ಮಾತ್ರ ಬಸಿದುಕೊಳ್ಳುತ್ತೇನೆ.
ಅಲುಗಾಡಿಸಬ್ಯಾಡ, ಅಂತಾಳೆ ಖಾಸೀಂಬಿ,
ಮಲಗಿದ ಸಿಟ್ಟು ಎಬ್ಬಿಸಿದಂಗ ಅಕ್ಕೈತಿ.

ಅರಿಶಿನ ಸವರಿದ ಚೀಟಿಯೊಂದನ್ನು ಅದ್ದುತ್ತಾಳೆ.
ಕೆಂಪಾಯಿತು. ಸಾಕು.
ಪೇಟೆಯ ಪರೀಕ್ಷೆಪಟ್ಟಿ ತೀರಿ ಎರಡು ತಿಂಗಳು.

ಮೂವತ್ತೊಂಬತ್ತನೆಯ ಇಸವಿಯ ಮಜೂರಿ ಪುಸ್ತಕ
ಮಡಿಸಿದಲ್ಲೆಲ್ಲ ಮುರಿಯುತ್ತದೆ, ಹಪ್ಪಳದ ಹಾಗೆ.
ಗೆದ್ದಲಲ್ಲ, ಮಳೆಯಲ್ಲ.
ಕಾಗದ ಮಾಡುವಾಗಲೇ ಯಾರೋ ಹಿಂಡಿದ ಹುಳಿ
ಕಪಾಟಿನ ಕತ್ತಲಲ್ಲಿ ಎಂಬತ್ತು ವರ್ಷ
ಸದ್ದಿಲ್ಲದೆ ತನ್ನ ಮನೆಯನ್ನೇ ತಿನ್ನುತ್ತ ಬಂದಿದೆ.

ಅದ್ದುವ ಮೊದಲು ಒಂದೊಂದು ಸಾಲಿಗೂ
ಹನಿ ಇಟ್ಟು, ಒತ್ತಿ, ನೋಡಬೇಕು:
ಮಸಿ ಕಾಗದ ಬಿಟ್ಟು ಬರುತ್ತದೋ ಹೇಗೆ.
ಹಾಸು ಹೂಡಿದ ತುಳಸವ್ವ, ಎರಡಾಣೆ ಕಡಿತ, ಹೆಬ್ಬೆಟ್ಟು.
ಕಂಡಿಕಿ ಸುತ್ತಿದ ಅಂಬವ್ವ, ಒಂದು ದಿನ ಗೈರು, ಹೆಬ್ಬೆಟ್ಟು.
ಎಣ್ಣೆ ಮಸಿ. ಜಗ್ಗಲಿಲ್ಲ.
ಬೆರಳ ಸುಳಿಗೆ ಅಡ್ಡ ಹಾದ ಗಾಯದ ಗೆರೆ ಕೂಡ
ಇದ್ದಲ್ಲೇ ಇದೆ.

ತಿಂಗಳ ಕೊನೆಯ ಜಮಾಖರ್ಚಿನ ಹಾಳೆಗೆ
ಮ್ಯಾನೇಜರ್ ಧೋಂಡೂಸಾ ಅವರ ಸಹಿ,
ನೇರಳೆ ಪೆನ್ಸಿಲ್ಲು, ಉದ್ದ ಬಾಲ, ಕೆಳಗೆ ಎರಡು ಗೀಟು.
ಒಂದೇ ಹನಿಗೆ
ಎದ್ದು ಬಂದು ಒತ್ತುಕಾಗದದ ಮೇಲೆ ಕೂತಿತು.

ಆ ಹಾಳೆಗಳಿಗೆ ನೀರು ಮುಟ್ಟಿಸುವಂತಿಲ್ಲ.
ನೀರಿಲ್ಲದ ಔಷಧದ ಡಬ್ಬಿಗೆ ಅರ್ಜಿ ಬರೆದಿದ್ದೇವೆ,
ಅದೂ ಅಗ್ಗದ ಕಾಗದದ ಮೇಲೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ
ಬೈಸಿಕೊಂಡ ಸೊಸೈಟಿಯಂತೆ ಇದು.
ಸುಣ್ಣ ಸಿಕ್ಕ ಕಣ್ಣುಗಳನ್ನು ಇವತ್ತು
ಜಾಳಿಗೆಯ ಮೇಲೆ ಮಲಗಿಸಿ ಮೆಲ್ಲಗೆ ಇಳಿಸುತ್ತೇವೆ.
ತಿಳಿ ನೀರು ಚಹದ ಬಣ್ಣಕ್ಕೆ ತಿರುಗುತ್ತದೆ.

ಹೊರಬಂದ ಹಾಳೆ ಬೆಳ್ಳಗಾಗುವುದಿಲ್ಲ.
ಮುರಿದದ್ದು ಕೂಡುವುದಿಲ್ಲ.
ಗಾಳಿ ಕುಡಿದ ಸುಣ್ಣ ಎಳೆ ಎಳೆಯ ನಡುವೆ
ಮತ್ತೆ ಕಲ್ಲಾಗುತ್ತದೆ, ಕಣ್ಣಿಗೆ ಕಾಣದಷ್ಟು ಕಲ್ಲು.
ಇನ್ನು ಹುಳಿ ಹಾಯಬೇಕಾದರೆ ಅದನ್ನು ಕರಗಿಸಿಯೇ ಹಾಯಬೇಕು.
ಅಷ್ಟು ಹೊತ್ತು ಸಿಕ್ಕಿತು.

ಪಕ್ಕದ ಓಣಿಯ ಪಾವರ್‌ಲೂಮಿಗೆ
ದಾರದ ಮೇಲಿನ ಹಾಳೆಗಳು ಸಣ್ಣಗೆ ನಡುಗುತ್ತಿವೆ.
ಖಾಸೀಂಬಿ ಎಲೆಗೆ ಸುಣ್ಣ ಹಚ್ಚುತ್ತಾಳೆ, ತನ್ನ ಡಬ್ಬಿಯದು,
ಹೆಬ್ಬೆಟ್ಟಿನಿಂದ.
ಎರಡಾಣೆ ಯಾಕ ಕಡದಿದ್ರೋ ಪಾಪ, ಅಂತಾಳೆ.

ಹಾಳೆ ತಿರುವಿ ನೋಡಿದೆ.
ಕಾರಣ ಬರೆಯುವ ಮನೆಯಲ್ಲಿ
ಕಾಗದವೇ ಇಲ್ಲ.