ಎಂಟು ಕಾಪಿ

ಸುಂಕದಕಟ್ಟೆ ಬಸ್‌ಸ್ಟಾಪಿನ ಎದುರು
ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಸ್ಟುಡಿಯೋ.
ಅರ್ಜೆಂಟ್ ಪಾಸ್‌ಪೋರ್ಟ್, ಐದು ನಿಮಿಷ, ಎಂಟು ಕಾಪಿ.
ಇಪ್ಪತ್ತೆರಡು ವರ್ಷದಿಂದ ಈ ಊರಿನ ಮುಖ ಒರೆಸುತ್ತಿದ್ದೇನೆ.

ಗಾರ್ಮೆಂಟ್ಸಿನಿಂದ ಓಡಿ ಬಂದವಳ ಕಣ್ಣ ಕೆಳಗಿನ ಕಪ್ಪು,
ಆಟೋ ಮುನಿಸ್ವಾಮಿಯ ಹಣೆಯ ಹೊಲಿಗೆ,
ಗಂಡಿನ ಕಡೆಗೆ ಕಳಿಸುವ ಫೋಟೋದಲ್ಲಿ
ಅರ್ಧ ಬಣ್ಣ.
"ಸ್ವಲ್ಪ ಬ್ರೈಟ್ ಮಾಡಿ ಅಣ್ಣಾ" ಅನ್ನುತ್ತಾರೆ.
ಅನ್ನದಿದ್ದರೂ ಮಾಡುತ್ತೇನೆ. ಕೈಗೆ ಅಭ್ಯಾಸ.
ಮೌಸ್ ತಾನಾಗಿಯೇ ಮಚ್ಚೆಯ ಕಡೆ ಹರಿಯುತ್ತದೆ,
ಇರುವೆ ಬೆಲ್ಲದ ಕಡೆ ಹರಿದ ಹಾಗೆ.

ಹಾಗಿರುವಾಗ
ಯಾವ ಬಾಯಲ್ಲಿ ಹೇಳಲಿ ಪೂರ್ವಿಕಾಗೆ,
ಫಿಲ್ಟರ್ ಬೇಡಮ್ಮ ಎಂದು?

ಒಂಬತ್ತನೇ ಕ್ಲಾಸು. ಬಚ್ಚಲಲ್ಲಿ ಮುಕ್ಕಾಲು ಗಂಟೆ.
ಹಾಕಿದ ಫೋಟೋ ಹತ್ತು ನಿಮಿಷಕ್ಕೆ ತೆಗೆಯುತ್ತಾಳೆ.
ಹನ್ನೊಂದು ಲೈಕು ಬಂದಿತ್ತಂತೆ; ಪಕ್ಕದ ಬೆಂಚಿನವಳಿಗೆ ಮುನ್ನೂರು.
ಯಾರೋ ಕೆಳಗೆ ಬರೆದಿದ್ದರಂತೆ,
"ಕರೆಂಟ್ ಹೋಗಿದ್ಯಾ?"
ನನಗೆ ಹೇಳಿದ್ದು ಅವಳಲ್ಲ, ಅವಳಮ್ಮ,
ಅನ್ನಕ್ಕೆ ಇಡುತ್ತ, ದನಿ ತಗ್ಗಿಸಿ.
ಮೂರು ದಿನ ಸ್ಕೂಲಿನಲ್ಲಿ ಮಾಸ್ಕ್ ಹಾಕಿಕೊಂಡೇ ಕೂತಿದ್ದಳಂತೆ,
ನೆಗಡಿ ಅಂತ.

ಅಪ್ಪಂದಿರು ಹೇಳುವುದನ್ನೆಲ್ಲ ಹೇಳಿದೆ.
ಬಣ್ಣದಲ್ಲೇನಿದೆ, ಗುಣ ನೋಡು, ಚೆನ್ನಾಗಿ ಓದು.
ಫೋನು ಕಿತ್ತುಕೊಳ್ಳುತ್ತೇನೆ ಎಂದೂ ಹೇಳಿದೆ.
ಮಾತು ಅವಳ ಮೇಲೆ ಬಿದ್ದು ಇಳಿದುಹೋಯಿತು,
ಲ್ಯಾಮಿನೇಷನ್ ಮೇಲೆ ನೀರು ಜಾರಿದ ಹಾಗೆ.

ಭಾನುವಾರ ಹಳೇ ಹಾರ್ಡ್‌ಡಿಸ್ಕ್ ಖಾಲಿ ಮಾಡಲು ಕೂರಿಸಿದೆ ಅವಳನ್ನು;
ಕೆಲಸ ಕೊಟ್ಟರೆ ಮನಸ್ಸು ತಿರುಗೀತು ಅಂತ.
ಅಲ್ಲಿ ಸಿಕ್ಕಿತು, ಎಲ್‌ಕೆಜಿ ಅಡ್ಮಿಷನ್ನಿನ ಅವಳದೇ ಫೋಟೋ.
ಎರಡು ಫೈಲು.
ಪೂರ್ವಿ. ಪೂರ್ವಿ ಫೈನಲ್.
ಅಕ್ಕಪಕ್ಕ ತೆರೆದಳು.
ಒಂದರಲ್ಲಿ ಎಣ್ಣೆ ಹಚ್ಚಿದ ಎರಡು ಜುಟ್ಟು,
ನೇರಳೆ ಹಣ್ಣಿನಂಥ ಮಗು, ಕೆನ್ನೆಯ ಮೇಲೆ ಮಚ್ಚೆ.
ಇನ್ನೊಂದರಲ್ಲಿ ಯಾರದೋ ಮಗು.

ತುಂಬ ಹೊತ್ತು ನೋಡಿದಳು. ಫ್ಯಾನು ಕಟಕಟ ಅನ್ನುತ್ತಿತ್ತು.
"ಮೂರೂವರೆ ವರ್ಷಕ್ಕೇ ನಿಂಗೆ ಸರಿ ಕಾಣ್ಲಿಲ್ವಾ ಅಪ್ಪಾ, ನಾನು?"

ಜಗಳದ ದನಿಯಲ್ಲ. ಬಸ್ಸು ಹೋಯ್ತಾ ಎಂದು ಕೇಳುವ ಹಾಗೆ.

ಕೆಳಗೆ ಮಾಗಡಿ ರೋಡು ಹಾರ್ನು ಹೊಡೆಯುತ್ತಲೇ ಇತ್ತು.
ಎಲ್ಲರಿಗೂ ಮಾಡ್ತೀನಲ್ಲಮ್ಮ ಎನ್ನಲು ಬಾಯಿ ತೆರೆದೆ,
ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ ಅನ್ನಿಸಿ ಮುಚ್ಚಿದೆ.
ತಪ್ಪಾಯ್ತು ಅಂದೆ. ಅಷ್ಟೇ.
ಮಕ್ಕಳಿಗೆ ಆ ಮಾತು ಹೇಳಿ ರೂಢಿಯಿಲ್ಲ ನನಗೆ,
ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತು ನಿಂತು ಬಂತು.

ಆಮೇಲೆ ನೀಲಿ ಪರದೆಯ ಮುಂದಿನ ಸ್ಟೂಲಿನಲ್ಲಿ ಹೋಗಿ ಕೂತೆ.
ನಂದೊಂದು ತೆಗಿ, ಬ್ಯಾಂಕಿಗೆ ಬೇಕು ಅಂದೆ. ಬೇಕಿರಲಿಲ್ಲ.
ಕ್ಯಾಮೆರಾ ಎತ್ತಿದಳು. ಗದ್ದ ಮೇಲೆ ಅಂದಳು.
ಭುಜ ಸಡಿಲ ಬಿಡಿ ಸಾರ್ ಅಂದಳು,
ಗಿರಾಕಿಗಳಿಗೆ ನಾನು ಹೇಳುವ ಧಾಟಿಯಲ್ಲೇ.

ತೆರೆಯ ಮೇಲೆ ನಾನು: ತುಟಿಯಂಚಿನ ತೊನ್ನು,
ಬೆಳ್ಳಗಾದ ಹುಬ್ಬು, ನನ್ನಪ್ಪನಿಂದ ಬಂದ ಅಗಲ ಮೂಗು,
ನನ್ನಿಂದ ಅವಳಿಗೆ ಹೋದದ್ದು.
ಮೌಸಿನ ಮೇಲೆ ಅವಳ ಬೆರಳು.
"ಒರೆಸ್ಲಾ?"
"ನಿನ್ನಿಷ್ಟ."

ಮೂಗಿನ ಹತ್ತಿರ ಒಂದು ಸುತ್ತು ತಿರುಗಿಸಿ
ಪ್ರಿಂಟ್ ಒತ್ತಿದಳು. ಎಂಟು ಕಾಪಿ.

ಸೋಮವಾರ ಮತ್ತೆ ಬಚ್ಚಲಲ್ಲಿ ಮುಕ್ಕಾಲು ಗಂಟೆ.
ಮತ್ತೆ ಫಿಲ್ಟರು. ಒಂದು ಭಾನುವಾರಕ್ಕೆ ಮುಗಿಯುವುದಲ್ಲ ಇದು.
ನಾನೂ ಬೆಳಿಗ್ಗೆ ಒಬ್ಬಳ ಮೊಡವೆ ಅಳಿಸಿದೆ, ಬಾಡಿಗೆ ಕಟ್ಟಬೇಕು.
ಆದರೆ ಈಗ ಮೊದಲು ಕೇಳುತ್ತೇನೆ, ಇರಲಾ, ತೆಗೀಲಾ?
ಇರಲಿ ಎಂದವರು ವಾರದಲ್ಲಿ ಇಬ್ಬರು.

ರಾತ್ರಿ ಊಟದ ತಟ್ಟೆಯ ಪಕ್ಕ
ಅವಳ ಫೋನು ಬೋರಲು ಬಿದ್ದಿತ್ತು.
ಗಾಜಿನಂಥ ಕವರಿನೊಳಗೆ, ಮೆಟ್ರೋ ಕಾರ್ಡಿನ ಮರೆಯಲ್ಲಿ,
ಅರ್ಧ ಮೂಗು ಕಾಣುತ್ತಿತ್ತು.