ಸೊಟ್ಟ ಸಾಬೂನು

ಐದು ಪಾಠ ಹೇಳಿ ಸಾಕು, ಎಂದರು ಹೊಸ ಮಾಲೀಕರು.
ಹತ್ತು ನಿಮಿಷ. ಪರದೆಯ ಮೇಲೆ ಅವಳ ಫೋಟೊ,
ನಗು ತಿದ್ದಿದ್ದಾರೆ, ಮುಂದಿನ ಹಲ್ಲಿನ ಸಂದು ಕಾಣುವುದಿಲ್ಲ.
ಹತ್ತೊಂಬತ್ತು ವರ್ಷ ವ್ಯಾನು ಓಡಿಸಿದವನು ನಾನು.
ಪಾಠ ಗೊತ್ತಿಲ್ಲ. ದಾರಿ ಗೊತ್ತು.

ಹ್ಯಾಲಿಫ್ಯಾಕ್ಸಿನ ಕಾಲುವೆ ಬದಿ,
ಮುಚ್ಚಿದ ಉಣ್ಣೆ ಗಿರಣಿಯ ಹಿಂದೊಂದು ಷೆಡ್ಡು.
ವಿನಿಫ್ರೆಡ್ ಆಕ್ರಾಯ್ಡ್: ಗಂಡನ ಬೂಟು, ಕಿವಿಯಲ್ಲಿ ಪೆನ್ಸಿಲು.
ಹರಾಜಿನಲ್ಲಿ ಕೊಂಡ ಅಚ್ಚು ಎಡಕ್ಕೆ ವಾಲಿತ್ತು.
ಮೊದಲ ಮುನ್ನೂರು ಸಾಬೂನು ಹೊರಬಂದವು
ಕುಡಿದು ಮನೆಗೆ ಹೊರಟವರ ಹಾಗೆ.
ಬ್ಯಾಂಕಿನವನು ನಕ್ಕ.
ಅವಳು ಒಂದನ್ನು ಅವನ ಅಂಗೈಯಲ್ಲಿಟ್ಟು
ಒಂದೊಂದೇ ಬೆರಳು ಮಡಿಸಿದಳು:
"ನೋಡು, ನಿನ್ನ ಕೈಯೂ ನೆಟ್ಟಗಿಲ್ಲ."
ಹಾಗೆ ಸಿಕ್ಕಿತು ಹೆಸರು. ಹಾಗೇ ಸಿಕ್ಕಿತು ಸಾಲ,
ಕೇಳಿದ್ದರ ಅರ್ಧ.

ಕೈ ಕೆಸರಾದರೆ ಬಾಯಿ ಮೊಸರು ಎಂದು
ಒಮ್ಮೆ ಅವಳಿಗೆ ಬಿಡಿಸಿ ಹೇಳಿದೆ.
"ನಡುವೆ ಕೈ ತೊಳೀರಪ್ಪ," ಎಂದಳು,
"ನನ್ನದೂ ಒಂದು ಮಾರಾಟವಾಗಲಿ."

ಲಂಡನ್ನಿನ ಸಲಹೆಗಾರ ಬಂದ,
ಸಾಬೂನಿನ ಮೇಲೆ ಹೆಸರು ಕೊರೆಸಿ ಎಂದ.
ಮೂರನೇ ಸ್ನಾನಕ್ಕೆ ಅಳಿಸುವ ಹೆಸರು ಯಾಕೆ,
ನೆನಪಿಡುವುದಿದ್ದರೆ ಮೈ ಇಟ್ಟುಕೊಳ್ಳಲಿ ಎಂದು
ಅವನನ್ನು ಸ್ಟೇಷನ್ನಿಗೆ ಬಿಟ್ಟು ಬರಲು ನನ್ನನ್ನೇ ಕಳಿಸಿದಳು.
ಅವನ ಬಿಲ್ಲು ತೀರಿಸಲು ಹಿಡಿದದ್ದು ಒಂಬತ್ತು ತಿಂಗಳು.

ಇನ್ನು ಆ ಜನವರಿ.
ಕ್ಷಾರ ಹೆಚ್ಚಾಗಿ, ಕೀತ್ಲಿಯಲ್ಲೊಂದು ಮಗುವಿನ ತೊಡೆ ಕೆಂಡವಾಯಿತು.
ಬಾಯಿ ಬಿಡಬೇಡಿ, ಎಂದ ವಕೀಲ.
ಅವಳು ವ್ಯಾನು ಹತ್ತಿ ಕೂತಳು.
ಹಿಮದಲ್ಲಿ ಅಂಗಡಿ ಅಂಗಡಿಗೆ ಹೋಗಿ
ಪೆಟ್ಟಿಗೆ ತಾನೇ ಹೊತ್ತು ತಂದಳು, ತಪ್ಪು ನನ್ನದು, ತಪ್ಪು ನನ್ನದು.
ತಪ್ಪಿ ಬೆರೆಸಿದ್ದು ಮ್ಯಾಲ್ಕಮ್. ನಮಗಿಬ್ಬರಿಗೂ ಗೊತ್ತಿತ್ತು.
ಕೊನೆಗೆ ಆ ತಾಯಿಯ ಬಾಗಿಲು.
ತೆರೆಯಿತು. ಪೂರ್ತಿ ಕೇಳಿತು. ಮುಚ್ಚಿತು.
ಭುಜದ ಮೇಲೆ ಹಿಮ ಕೂರುವವರೆಗೂ ನಿಂತಿದ್ದಳು.
ಕ್ಷಮೆಯೇನೂ ಸಿಗಲಿಲ್ಲ. ಅದನ್ನು ನಿಮ್ಮ ಪರದೆಯಲ್ಲಿ ಹಾಕಿಲ್ಲ.

ದೇವತೆ ಮಾಡಬೇಡಿ ಮಾರಾಯರೆ.
ಮದುವೆ ಹೋಟೆಲಿನವರು ಕೇಳಿದರೆಂದು
ಒಂದು ಪೆಟ್ಟಿಗೆ ಸಾಬೂನು ಚಾಕುವಿನಿಂದ ನೆಟ್ಟಗೆ ಹೆರೆದೆ.
ಗುರುವಾರ ಕೆಲಸದಿಂದ ತೆಗೆದಳು.
ಸೋಮವಾರ ಬಾಗಿಲಲ್ಲಿ: "ವ್ಯಾನಿನ ಬೀಗದ ಕೈ ಎಲ್ಲಿ?"
ನಡುವಿನ ದಿನದ ಸಂಬಳವೂ ಇಲ್ಲ, ಮಾತೂ ಇಲ್ಲ.

ಹನ್ನೊಂದು ವರ್ಷ ನನ್ನನ್ನು ಬ್ರಿಷ್ ಎಂದೇ ಕರೆದಳು.
ಅಕ್ಕನ ಕಾಗದದ ಮೇಲೆ ಪೂರ್ತಿ ಹೆಸರು ಕಂಡದ್ದೇ
ಷೆಡ್ಡಿನಲ್ಲಿ ಒಬ್ಬಳೇ ನಿಂತು ವೃ, ವೃಷ, ವೃಷಭೇಂ...
ಕೈಚೆಲ್ಲಿದಳು. ಮರುವಾರ ವ್ಯಾನಿನ ಬದಿಯಲ್ಲಿ
ಕಂಪನಿಯ ಹೆಸರಿಗಿಂತ ದಪ್ಪಗೆ ನನ್ನದು.
ಊರೇ ಓದಿತು, ತಪ್ಪು ತಪ್ಪಾಗಿ,
ಓದುತ್ತಾ ಹೆಚ್ಚು ಕೊಂಡಿತು.

ಈಗ ಯಂತ್ರ ಬಂದಿದೆ.
ಪ್ರತಿ ಸಾಬೂನೂ ಸರಿಯಾಗಿ ಏಳು ಡಿಗ್ರಿ ವಾಲುತ್ತದೆ.
ಒಂದಕ್ಕಿಂತ ಒಂದು ಕೂದಲೆಳೆಯಷ್ಟೂ ಬೇರೆಯಲ್ಲ.
ಒಂದು, ಎರಡು, ಮೂರು ಎಂದು ಬರೆದು ಕೊಟ್ಟ ಹಾಳೆ
ನನ್ನ ಕೈಯಲ್ಲಿ ಖಾಲಿ.

ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ
ಅವಳ ಕೊನೆಯ ವರ್ಷದ ಒಂದು ಚೂರು,
ಬಳಸಿ ಬಳಸಿ ಹುಣಸೆ ಬೀಜದಷ್ಟು.
ಎರಡನೇ ಸಾಲಿನ ಹುಡುಗಿಯೊಬ್ಬಳು ಎತ್ತಿಕೊಂಡು
ಬೆರಳು ಮಡಿಸಿದಳು. ಏನೂ ಬರೆದುಕೊಳ್ಳಲಿಲ್ಲ.
ಹತ್ತು ನಿಮಿಷ ಮುಗಿದಿತ್ತು.
ಪಾರ್ಕಿಂಗಿನದೂ.